ಚಿತ್ರದಲ್ಲಿ ಕಂಡ ಊರನ್ನು ಹುಡುಕಿಕೊಂಡು

[ದೃಶ್ಯ: ಸಮುದ್ರದ ದಡದ ರೈಲ್ವೆ ಗೇಟು, ಫೋನ್ ಹಿಡಿದು ಕಾಯುತ್ತಿರುವ ಯುವಜನರು]

ನಮಸ್ಕಾರ. ಇದು ಜಪಾನಿನ ಕಾಮಾಕುರಾ ನಗರದಲ್ಲಿ, ಸಮುದ್ರದ ಅಂಚಿನಲ್ಲೇ ಸಾಗುವ ಎನೋಡೆನ್ ರೈಲು ಮಾರ್ಗದ ಒಂದು ಗೇಟು. ಇಲ್ಲಿ ಕೋಟೆಯಿಲ್ಲ, ಅರಮನೆಯಿಲ್ಲ. ಆದರೂ ಚೀನಾ, ಕೊರಿಯಾ, ತೈವಾನ್‌ಗಳಿಂದ ಬಂದ ಯುವಕ ಯುವತಿಯರು ಹಸಿರು ಬಣ್ಣದ ರೈಲು ಹಾದುಹೋಗುವ ಕ್ಷಣಕ್ಕಾಗಿ ಇಲ್ಲಿ ಕಾಯುತ್ತಾರೆ. 1993ರಲ್ಲಿ ಪ್ರಸಾರ ಆರಂಭಿಸಿದ, ಬ್ಯಾಸ್ಕೆಟ್‌ಬಾಲ್ ಆಡುವ ಹುಡುಗರ ಕಥೆಯಾದ ‘ಸ್ಲ್ಯಾಮ್ ಡಂಕ್’ ಅನಿಮೇಷನ್ ಸರಣಿಯ ಆರಂಭಗೀತೆಯಲ್ಲಿ ಈ ಗೇಟು ಕೆಲವೇ ಕ್ಷಣ ಕಾಣಿಸಿಕೊಂಡದ್ದು ಇದಕ್ಕೆ ಕಾರಣ.

ಬರೆದ ಚಿತ್ರವೊಂದು ಜನರನ್ನು ಕಡಲು ದಾಟಿಸುವಷ್ಟು ಬಲವನ್ನು ಎಲ್ಲಿಂದ ಪಡೆಯುತ್ತದೆ? ಉತ್ತರದ ದೊಡ್ಡ ಪಾಲು ಹಿನ್ನೆಲೆ ಚಿತ್ರಕಾರರ ಕೆಲಸದಲ್ಲಿದೆ ಎಂದು ನಾನು ನಂಬುತ್ತೇನೆ. ಕ್ಯಾಮೆರಾ ಎದುರಿಗಿದ್ದುದನ್ನೆಲ್ಲ ಹಿಡಿದುಕೊಳ್ಳುತ್ತದೆ. ಚಿತ್ರಕಾರರಾದರೋ ಪ್ರತಿಯೊಂದು ಗೆರೆಯನ್ನೂ ಬೇಕೆಂದೇ ಎಳೆಯಬೇಕಾಗುತ್ತದೆ. ಹೀಗಾಗಿ ವಿದ್ಯುತ್ ತಂತಿಗಳು, ತುಕ್ಕು ಹಿಡಿದ ಕಂಬಿ, ಮೆಟ್ಟಿಲುಗಳ ಮೇಲೆ ಬಿದ್ದ ಸಂಜೆಯ ಬಿಸಿಲು ಎಲ್ಲವೂ, ಯಾರೋ ಪ್ರೀತಿಯಿಂದ ಗಮನಿಸಿದ ಸಂಗತಿಗಳಾಗಿ ನೋಡುಗರನ್ನು ತಲುಪುತ್ತವೆ. ಆಲ್ಪ್ಸ್ ಬೆಟ್ಟದ ಹುಡುಗಿಯೊಬ್ಬಳ ಕಥೆಯಾದ 1974ರ ‘ಹೈಡಿ’ ಅನಿಮೇಷನ್ ಸರಣಿಗಾಗಿ ನಿರ್ದೇಶಕ ಇಸಾವೊ ತಕಹಾತ ಮತ್ತು ಚಿತ್ರಕಾರ ಹಯಾವೊ ಮಿಯಾಜಾಕಿ ಅವರಿದ್ದ ತಂಡವು ಹಿಂದಿನ ವರ್ಷವೇ ಸ್ವಿಟ್ಜರ್ಲೆಂಡ್‌ಗೆ ಹೋಗಿ ಆಲ್ಪ್ಸ್ ಬೆಟ್ಟಗಳ ಹುಲ್ಲುಗಾವಲುಗಳನ್ನೂ ಮನೆಗಳನ್ನೂ ಕಣ್ಣಾರೆ ಕಂಡುಬಂದಿತ್ತು. ಆ ಸರಣಿಯನ್ನು ನೋಡಿ ಬೆಳೆದ ಜಪಾನೀಯರು ಮುಂದೆ ಹೈಡಿಯ ಕಥೆಯ ನೆಲೆಯಾದ, ಸ್ವಿಟ್ಜರ್ಲೆಂಡಿನ ಮೈಯನ್‌ಫೆಲ್ಡ್ ಎಂಬ ಪುಟ್ಟ ಊರನ್ನು ಹುಡುಕಿಕೊಂಡು ಹೋದರು.

[ದೃಶ್ಯ: ಕೆಂಪು ಕೈಹಿಡಿಕೆಯ ಕಂಬಿಯಿರುವ ಮೆಟ್ಟಿಲು]

ನಿರ್ದೇಶಕ ಮಕೊತೊ ಶಿಂಕಾಯ್ ಅವರ 2016ರ ಅನಿಮೇಷನ್ ಸಿನಿಮಾ ‘ಯುವರ್ ನೇಮ್’ನ ಇಟೊಮೊರಿ ಎಂಬ ಊರು ಕಲ್ಪನೆಯದು. ಆದರೆ ಟೋಕಿಯೋದ ಸುಗಾ ದೇಗುಲದ ಬಳಿಯ ಮೆಟ್ಟಿಲುಗಳೂ ಗಿಫು ಪ್ರಾಂತ್ಯದ ಹಿಡಾ-ಫುರುಕಾವಾ ರೈಲು ನಿಲ್ದಾಣವೂ ನಿಜವಾಗಿಯೇ ಇವೆ. ಫೋನಿನಲ್ಲಿರುವ ಚಿತ್ರದ ದೃಶ್ಯವನ್ನು ಎದುರಿನ ನೋಟಕ್ಕೆ ಹೊಂದಿಸಿ ಹಿಡಿಯುವಾಗ, ಎಷ್ಟೋ ದಿನ ಪರದೆಯಲ್ಲಿ ಮಾತ್ರ ಇದ್ದ ಜಗತ್ತಿನೊಳಗೆ ತಾನೂ ನಿಂತಿದ್ದೇನೆ ಎಂಬ ಭಾವ ಅಲ್ಲಿಗೆ ಬಂದ ಯುವಕನಿಗೋ ಯುವತಿಗೋ ಉಂಟಾಗುತ್ತದೆ. ಇಂಥ ಪ್ರಯಾಣಕ್ಕೆ ಜಪಾನಿನಲ್ಲಿ ‘ಸೇಚಿ ಜುನ್ರೇ’, ಅಂದರೆ ಪುಣ್ಯಸ್ಥಳಗಳ ಯಾತ್ರೆ, ಎಂಬ ಹೆಸರೇ ಇದೆ. 2016ರಲ್ಲಿ ಸ್ಥಾಪನೆಯಾದ ಅನಿಮೆ (ಜಪಾನಿನ ಅನಿಮೇಷನ್) ಪ್ರವಾಸೋದ್ಯಮ ಸಂಘವು ಶಿಕೊಕು ದ್ವೀಪದ 88 ದೇವಾಲಯಗಳ ಯಾತ್ರೆಯನ್ನು ನೆನಪಿಸುವಂತೆ 88 ತಾಣಗಳ ಪಟ್ಟಿಯನ್ನೇ ಮಾಡಿದೆ.

ಈ ಯಾತ್ರೆಯ ಭಾರವನ್ನು ಊರಿನವರು ಹೊರಬೇಕಾಗುತ್ತದೆ ಎಂಬುದನ್ನೂ ಹೇಳಲೇಬೇಕು. ಕಾಮಾಕುರಾದ ಗೇಟಿನ ಬಳಿ ಜನರು ರಸ್ತೆಯ ನಡುವೆಯೇ ನಿಂತು ಫೋಟೊ ತೆಗೆಯತೊಡಗಿದ್ದರಿಂದ ಅಲ್ಲಿ ಭದ್ರತಾ ಸಿಬ್ಬಂದಿಯನ್ನು ನಿಲ್ಲಿಸಬೇಕಾಯಿತು. ಆ ಗೇಟು ಮೊದಲು ಶಾಲೆಗೆ, ಕೆಲಸಕ್ಕೆ ಹೋಗುವವರ ದಾರಿ, ಫೋಟೊ ಆಮೇಲಿನದು.

[ದೃಶ್ಯ: ಅಂಗಡಿ ಬೀದಿ, ಪಾತ್ರಗಳ ಆಳೆತ್ತರದ ಕಟೌಟುಗಳು]

ಇಬಾರಾಕಿ ಪ್ರಾಂತ್ಯದ ಓಆರಾಯ್ ಎಂಬ ಕಡಲತೀರದ ಪಟ್ಟಣದಲ್ಲಿ ಬೇರೆಯದೇ ಸಂಬಂಧವೊಂದು ಬೆಳೆಯಿತು. 2011ರ ಸುನಾಮಿಯಿಂದ ಹಾನಿಗೊಳಗಾಗಿದ್ದ ಈ ಪಟ್ಟಣವನ್ನು 2012ರ ‘ಗರ್ಲ್ಸ್ ಉಂಟ್ ಪಾಂಜರ್’ ಅನಿಮೇಷನ್ ಸರಣಿಯು ಕಥೆಯ ನೆಲೆಯಾಗಿಸಿಕೊಂಡಿತು. ಅಂಗಡಿಯವರು ತಮ್ಮ ಬಾಗಿಲಲ್ಲಿ ಒಂದೊಂದು ಪಾತ್ರದ ಕಟೌಟನ್ನು ನಿಲ್ಲಿಸಿ ಅಭಿಮಾನಿಗಳನ್ನು ಮಾತಾಡಿಸತೊಡಗಿದರು. ಸರಣಿ ಮುಗಿದ ಮೇಲೂ ಅಭಿಮಾನಿಗಳು ಆ ಅಂಗಡಿಯವರನ್ನು ಕಾಣಲೆಂದೇ ಮತ್ತೆ ಮತ್ತೆ ಬಂದರು. ಕೆಲವರು ಆ ಪಟ್ಟಣದಲ್ಲೇ ಮನೆ ಮಾಡಿಕೊಂಡು ನೆಲೆಸಿದರು.