ರಾಜನ ಹೊಟ್ಟೆ, ಹಂಫ್ರಿ ಅಂಗಡಿಯ ಕಿಟಕಿ

ಈಗ ನಾವು ನಡೆಯುತ್ತಿರುವುದು ಲಂಡನ್ನಿನ ಸೇಂಟ್ ಜೇಮ್ಸಸ್ ಸ್ಟ್ರೀಟ್‌ನಲ್ಲಿ. ಮೇಲಿನ ತುದಿಗೆ ಪಿಕಡಿಲಿ, ಕೆಳಗಿನ ತುದಿಗೆ ಸೇಂಟ್ ಜೇಮ್ಸಸ್ ಅರಮನೆ. ನಡುವೆ ಹಳೇ ಕಾಲದ ಕ್ಲಬ್ಬುಗಳು. 37ನೇ ನಂಬರಿನ ವೈಟ್ಸ್ ಕ್ಲಬ್ಬಿಗೆ ಪ್ರಧಾನಿ ವಿಲಿಯಂ ಪಿಟ್ ಕಡೆಯವರು ಹೋಗುತ್ತಿದ್ದರು. 60ನೇ ನಂಬರಿನ ಬ್ರೂಕ್ಸಸ್‌ನಲ್ಲಿ ವಿರೋಧ ಪಕ್ಷದ ಚಾರ್ಲ್ಸ್ ಫಾಕ್ಸ್ ಕೂತು ಜೂಜಾಡುತ್ತಿದ್ದ. ಇದೇ ಬೀದಿಯ 27ನೇ ನಂಬರಿನಲ್ಲಿ 1797ರಿಂದ ಒಬ್ಬಾಕೆ ಅಂಗಡಿ ನಡೆಸುತ್ತಿದ್ದಳು. ಹೆಸರು ಹ್ಯಾನಾ ಹಂಫ್ರಿ. ಮಾರುತ್ತಿದ್ದದ್ದು ಇದೇ ದೊಡ್ಡ ಮನುಷ್ಯರನ್ನು ಗೇಲಿ ಮಾಡುವ ಚಿತ್ರಗಳನ್ನು.

ಯೋಚನೆ ಮಾಡಿ. ಪಾರ್ಲಿಮೆಂಟ್ ಮುಗಿಸಿಕೊಂಡು ಕ್ಲಬ್ಬಿಗೆ ಹೊರಟ ಮಂತ್ರಿಗೆ ದಾರಿಯಲ್ಲಿ ತನ್ನದೇ ಮೂಗು, ತನ್ನದೇ ಹೊಟ್ಟೆ ಕಿಟಕಿಯಲ್ಲಿ ಕಾಣುತ್ತಿತ್ತು. ಮುಂದೆ ಜನ ನಿಂತು ನಗುತ್ತಿದ್ದರು. ಮುಖ ತಿರುಗಿಸಿಕೊಂಡು ಹೋಗಬೇಕು, ಇಲ್ಲಾ ಒಳಗೆ ಹೋಗಿ ಒಂದು ಕಾಪಿ ಕೊಳ್ಳಬೇಕು. ಸುಮಾರು ಜನ ಕೊಳ್ಳುತ್ತಿದ್ದರು!

ಈ ಚಿತ್ರಗಳನ್ನು ಬರೆಯುತ್ತಿದ್ದವನು ಅಂಗಡಿಯ ಮೇಲಿನ ಮನೆಯಲ್ಲೇ ಇರುತ್ತಿದ್ದ. ಜೇಮ್ಸ್ ಗಿಲ್ರೇ. ಅಪ್ಪ ಯುದ್ಧದಲ್ಲಿ ಒಂದು ತೋಳು ಕಳೆದುಕೊಂಡ ಸಿಪಾಯಿ. ಮಗ ರಾಯಲ್ ಅಕಾಡೆಮಿಯಲ್ಲಿ ಚಿತ್ರಕಲೆ ಕಲಿತವನು. ಅಂದರೆ ಸುಮ್ನೆ ಗೀಚುವವನಲ್ಲ, ಕೈ ಪಳಗಿತ್ತು. ಅವನಿಗೂ ಹಂಫ್ರಿಗೂ ಮದುವೆ ಆಗಿರಲಿಲ್ಲ, ಆದರೆ ವರ್ಷಗಟ್ಟಲೆ ಒಂದೇ ಸೂರಿನಡಿ ಇದ್ದರು. ಊರವರು ಏನು ಮಾತಾಡಿಕೊಂಡಿರಬಹುದು, ನಿಮ್ಮ ಊಹೆಗೆ ಬಿಟ್ಟೆ.

ಸ್ಕ್ರೀನ್ ಮೇಲೆ ಈಗ ಬರುತ್ತಿರುವುದು 1808ರ ಚಿತ್ರ. ಚಳಿಗಾಲ, ಬೀದಿಯೆಲ್ಲ ಜಾರು. ಒಬ್ಬ ಮುದುಕಪ್ಪ ಅಂಗಾತ ಬಿದ್ದಿದ್ದಾನೆ. ಬಿದ್ದರೂ ಕೈಯಲ್ಲಿನ ಥರ್ಮಾಮೀಟರ್ ಬಿಟ್ಟಿಲ್ಲ. ಹಿಂದೆ ಕಾಣುವುದೇ ಹಂಫ್ರಿ ಅಂಗಡಿ. ಕಿಟಕಿಯ ಗಾಜಿನ ತುಂಬ ಚಿತ್ರಗಳು, ಮುಂದೆ ಜನ. ಒಬ್ಬರಾದರೂ ತಿರುಗಿ ನೋಡುತ್ತಿದ್ದಾರಾ? ಇಲ್ಲ. ಎಲ್ಲರ ಬೆನ್ನೂ ಮುದುಕನ ಕಡೆಗೆ, ಕಣ್ಣು ಕಿಟಕಿಯ ಕಡೆಗೆ. ಗಿಲ್ರೇ ತನ್ನ ಅಂಗಡಿಗೆ ತಾನೇ ಮಾಡಿಕೊಂಡ ಜಾಹೀರಾತು ಇದು.

ಕೊಳ್ಳುವುದು ಎಲ್ಲರ ಕೈಲಾಗುತ್ತಿರಲಿಲ್ಲ. ಬಣ್ಣ ಹಾಕದ ಒಂದು ಪ್ರತಿಗೆ ಒಂದು ಶಿಲ್ಲಿಂಗ್, ಬಣ್ಣ ಹಾಕಿದ್ದಕ್ಕೆ ಎರಡು, ಹೆಚ್ಚುಕಡಿಮೆ ಈ ರೇಟು. ಕೂಲಿಯವನಿಗೆ ಅದು ಒಂದು ದಿನದ ದುಡಿಮೆಯ ದೊಡ್ಡ ಪಾಲು. ಅವನಿಗೆ ಕಿಟಕಿಯೇ ಗತಿ, ಅದಂತೂ ಪುಕ್ಕಟೆ. ಸಾಹುಕಾರರಿಗೆ ಇನ್ನೊಂದು ಅನುಕೂಲ ಇತ್ತು. ಚಿತ್ರಗಳ ದೊಡ್ಡ ಕಟ್ಟನ್ನು ಒಂದು ಸಂಜೆಗೆ ಬಾಡಿಗೆಗೆ ಕೊಡುವ ಅಂಗಡಿಗಳಿದ್ದವು. ಮನೆಗೆ ನೆಂಟರು ಬಂದಾಗ ತಂದು, ಒಂದೊಂದೇ ಹಾಳೆ ತಿರುವಿ ಹಾಕಿ ನಗಾಡುವುದು. ನಾವು ಸೋಫಾ ಮೇಲೆ ಕೂತು ಫೋನ್ ತಿರುಗಿಸಿ ಪಕ್ಕದವರಿಗೆ ಮೀಮ್ ತೋರಿಸ್ತೀವಲ್ಲ, ಹಾಗೆ.

ಮಾಡುವ ಕೆಲಸ ಮಾತ್ರ ಸಲೀಸಲ್ಲ. ತಾಮ್ರದ ತಗಡಿನ ಮೇಲೆ ಮೇಣದ ತೆಳು ಲೇಪ ಕೊಡಬೇಕು. ಸೂಜಿಯಿಂದ ಲೇಪ ಕೆರೆಯುತ್ತಾ ಚಿತ್ರ ಬರೆಯಬೇಕು. ಆಮೇಲೆ ಆಸಿಡ್. ಕೆರೆದ ಗೆರೆ ಇರುವ ಕಡೆ ಮಾತ್ರ ಅದು ತಾಮ್ರವನ್ನು ತಿನ್ನುತ್ತದೆ. ಲೇಪ ತೆಗೆದು, ಮಸಿ ಮೆತ್ತಿ, ಮೇಲ್ಮೈ ಒರೆಸಿ, ಒದ್ದೆ ಕಾಗದ ಇಟ್ಟು ರೋಲರ್ ಕೆಳಗೆ ತಳ್ಳಬೇಕು. ಅಚ್ಚು ಬೀಳುವುದು ತಲೆಕೆಳಗಲ್ಲ, ಎಡ ಬಲ ಅದಲು ಬದಲು. ಹಾಗಾಗಿ ಬಾಯಿಂದ ಹೊರಡುವ ಬಲೂನಿನೊಳಗಿನ ಮಾತನ್ನೆಲ್ಲ ತಗಡಿನ ಮೇಲೆ ಉಲ್ಟಾ ಬರೆಯಬೇಕು. ಕಡೆಗೆ ಒಂದೊಂದು ಪ್ರತಿಗೂ ಕೈಯಿಂದಲೇ ಬಣ್ಣ.

ಪ್ರತಿ ಚಿತ್ರದ ಕೆಳಗೂ ಸಣ್ಣ ಅಕ್ಷರದಲ್ಲಿ ತಾರೀಖು, ಪ್ರಕಾಶಕರ ಹೆಸರು, ವಿಳಾಸ ಇರುತ್ತದೆ. ಇದು 1735ರ ಕಾಯಿದೆಯ ಫಲ. ವಿಲಿಯಂ ಹೋಗಾರ್ತ್ ಅನ್ನೋ ಕಲಾವಿದ ತನ್ನ ಚಿತ್ರಗಳನ್ನು ಕದ್ದು ಅಚ್ಚು ಹಾಕುವವರ ಕಾಟ ತಡೆಯಲಾರದೆ, ಜೊತೆಯವರನ್ನು ಸೇರಿಸಿಕೊಂಡು ಪಾರ್ಲಿಮೆಂಟಿಗೆ ಹೋಗಿ ಮಾಡಿಸಿದ ಕಾಪಿರೈಟ್ ಕಾಯಿದೆ. 14 ವರ್ಷ ರಕ್ಷಣೆ ಬೇಕೆಂದರೆ ತಾರೀಖು ಹಾಕಲೇಬೇಕು. ಅದರಿಂದ ನಮಗೆ ಲಾಭ. ಯಾವ ಜೋಕು ಯಾವ ದಿನ ಹೊರಬಿತ್ತು ಅನ್ನೋದು ಇವತ್ತಿಗೂ ಗೊತ್ತಾಗುತ್ತದೆ. ಈ ಮಾತು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಈಗ ನನಗೆ ತುಂಬ ಇಷ್ಟವಾದ ಚಿತ್ರ. ತಾರೀಖು 1792ರ ಜುಲೈ 2. ಕುರ್ಚಿಯಲ್ಲಿ ಒರಗಿ ಕೂತಿರುವ ಈ ಮನುಷ್ಯ ಯುವರಾಜ, ಮುಂದೆ ನಾಲ್ಕನೇ ಜಾರ್ಜ್ ಆಗುವವನು. ಊಟ ಈಗಷ್ಟೇ ಮುಗಿದಿದೆ. ಫೋರ್ಕಿನಿಂದ ಹಲ್ಲು ಕುಕ್ಕಿಕೊಳ್ಳುತ್ತಿದ್ದಾನೆ. ಹೊಟ್ಟೆಯ ಮೇಲೆ ಕೋಟಿನ ಗುಂಡಿ ನಿಲ್ಲುತ್ತಿಲ್ಲ. ಮೇಜಿನ ಕೆಳಗೆ ನೋಡಿ, ಖಾಲಿ ಬಾಟಲಿ. ನೆಲದ ಮೇಲೆ ದಾಳ. ಕಿಟಕಿಯಾಚೆ ಅವನು ಕಟ್ಟಿಸುತ್ತಿರುವ ಕಾರ್ಲ್‌ಟನ್ ಹೌಸ್ ಅರಮನೆ. ಬೆನ್ನ ಹಿಂದಿನ ಕಪಾಟಿನಲ್ಲಿ ಔಷಧದ ಸೀಸೆಗಳು. ಅದರಲ್ಲಿ ಮೂಲವ್ಯಾಧಿಗೊಂದು, ಬಾಯಿ ವಾಸನೆಗೊಂದು, ಹೊರಗೆ ಹೇಳಿಕೊಳ್ಳಲಾಗದ ಕಾಯಿಲೆಗೊಂದು. ಇನ್ನು ಈ ಕಡೆ ಸ್ವಲ್ಪ ಜೂಮ್ ಮಾಡ್ತೀನಿ. ತುಂಬಿ ತುಳುಕುವ ಉಚ್ಚೆ ಪಾತ್ರೆ. ಅದರ ಕೆಳಗೆ ಸಿಕ್ಕಿಹಾಕಿಕೊಂಡಿರುವ ಕಾಗದಗಳು ಏನು ಗೊತ್ತಾ? ಕೋಳಿಯವನದು, ಕಸಾಯಿಯವನದು, ಬ್ರೆಡ್ಡಿನವನದು, ಎಲ್ಲರ ಕಟ್ಟದೇ ಇರುವ ಬಿಲ್ಲು.

ಇಲ್ಲಿ ಒಂದೇ ಒಂದು ಬೈಗುಳ ಇಲ್ಲ. ಯಾವ ಪಾರ್ಲಿಮೆಂಟ್ ಭಾಷಣವೂ ಯುವರಾಜನ ಸಾಲವನ್ನು ಇಷ್ಟು ಚೆನ್ನಾಗಿ ಹೇಳಿರಲಾರದು.

ಅದೇ ತಿಂಗಳ ಕಡೆಗೆ ಜೋಡಿ ಚಿತ್ರ ಬಂತು. ಈ ಸಲ ಅಪ್ಪ, ಮೂರನೇ ಜಾರ್ಜ್. ಮಗ ಎಷ್ಟು ಖರ್ಚು ಮಾಡುವವನೋ ಅಪ್ಪ ಅಷ್ಟೇ ಜಿಪುಣ. ದೊರೆ ಒಂದು ಬೇಯಿಸಿದ ಮೊಟ್ಟೆ ತಿನ್ನುತ್ತಿದ್ದಾನೆ. ರಾಣಿ ಸೊಪ್ಪು ತುರುಕಿಕೊಳ್ಳುತ್ತಿದ್ದಾಳೆ. ದೊರೆಯ ಚಲ್ಲಣಕ್ಕೆ ತೇಪೆ. ಕುರ್ಚಿ ಕೊಳೆಯಾಗಬಾರದೆಂದು ಬಟ್ಟೆಯ ಕವರು. ಒಲೆಗೂಡಿನಲ್ಲಿ ಬೆಂಕಿಯೇ ಇಲ್ಲ, ಹೂವು ಇಟ್ಟಿದ್ದಾರೆ. ಎರಡು ಹಾಳೆ ಪಕ್ಕ ಪಕ್ಕ ಹಿಡಿದರೆ ಒಂದು ಸಂಸಾರದ ಪೂರ್ತಿ ಕಥೆ.

ಗಿಲ್ರೇಗೆ ದೊರೆಯ ಮೇಲೆ ಸ್ವಂತ ಸಿಟ್ಟೂ ಇತ್ತು ಅಂತ ಒಂದು ಕಥೆ. ಅವನ ಸ್ಕೆಚ್ಚುಗಳನ್ನು ನೋಡಿ ದೊರೆ "ಇದೆಲ್ಲ ನನಗೆ ಅರ್ಥವಾಗೋದಿಲ್ಲ" ಅಂದನಂತೆ. ಅಷ್ಟೇ ಸಾಕಾಯಿತು. 1792ರ ಜೂನ್‌ನಲ್ಲಿ ಇನ್ನೊಂದು ಚಿತ್ರ ಬಂತು. ಮೋಂಬತ್ತಿಯ ಬೆಳಕಿನಲ್ಲಿ ದೊರೆ ಕಣ್ಣು ಕಿರಿದು ಮಾಡಿಕೊಂಡು ಒಂದು ಪುಟ್ಟ ಭಾವಚಿತ್ರ ನೋಡುತ್ತಿದ್ದಾನೆ. ಯಾರದು? ಆಲಿವರ್ ಕ್ರಾಮ್‌ವೆಲ್‌ನದು. 1649ರಲ್ಲಿ ಇಂಗ್ಲೆಂಡಿನ ದೊರೆಯ ತಲೆ ತೆಗೆಸಿದವರ ಮುಂದಾಳು. ಆ ಹೊತ್ತಿಗೆ ಫ್ರಾನ್ಸಿನಲ್ಲಿ ದೊರೆಯ ಗತಿ ಡೋಲಾಯಮಾನವಾಗಿತ್ತು ಅನ್ನೋದನ್ನು ಮರೆಯಬೇಡಿ. ಚೇಷ್ಟೆಯೇ, ಆದರೆ ಚುಚ್ಚುವ ಚೇಷ್ಟೆ.

ಇಷ್ಟೆಲ್ಲ ಮಾಡಿಯೂ ಜೈಲಿಗೆ ಯಾಕೆ ಹೋಗಲಿಲ್ಲ ಅಂತ ಕೇಳ್ತೀರಿ ಅಲ್ವಾ? ಅಚ್ಚು ಹಾಕುವ ಮುಂಚೆ ಸರ್ಕಾರದ ಒಪ್ಪಿಗೆ ಬೇಕೆನ್ನುವ ಕಾನೂನು ಅಲ್ಲಿ 1695ರಲ್ಲೇ ಬಿದ್ದುಹೋಗಿತ್ತು. ಆದರೆ ರಾಜದ್ರೋಹದ ಬರಹಕ್ಕೆ ಶಿಕ್ಷೆ ಇದ್ದೇ ಇತ್ತು. ರಾಜರ ಆಳ್ವಿಕೆಯನ್ನೇ ಪ್ರಶ್ನಿಸುತ್ತಿದ್ದ ಥಾಮಸ್ ಪೇನ್‌ನ ಬರಹ ಮಾರಿದ್ದಕ್ಕೆ ವಿಲಿಯಂ ಹಾಲೆಂಡ್ ಎಂಬ ಚಿತ್ರದಂಗಡಿಯವನನ್ನೇ 1793ರಲ್ಲಿ ಜೈಲಿಗೆ ಹಾಕಿದರು. ಬರಹಕ್ಕೆ ಹಾಕಿದರು, ಚಿತ್ರಕ್ಕಲ್ಲ, ಗಮನಿಸಿ. ಚಿತ್ರದ ಮೇಲೆ ಕೇಸು ಹಾಕಿದರೆ ಸರ್ಕಾರಿ ವಕೀಲ ಕೋರ್ಟಿನಲ್ಲಿ ಎದ್ದು ನಿಂತು "ಮಹಾಸ್ವಾಮಿ, ಈ ಡೊಳ್ಳು ಹೊಟ್ಟೆಯವರು ನಮ್ಮ ಯುವರಾಜರು" ಅಂತ ಬಿಡಿಸಿ ಹೇಳಬೇಕು. ಯಾವ ವಕೀಲ ಹೇಳುತ್ತಾನೆ!

ಈಗ ತಾರೀಖಿನ ವಿಷಯಕ್ಕೆ ಬರ್ತೀನಿ. 1791ರ ಡಿಸೆಂಬರ್ 6. ಹಂಫ್ರಿಯ ಅಂಗಡಿ ಆಗ ಇನ್ನೂ ಈ ಬೀದಿಗೆ ಬಂದಿರಲಿಲ್ಲ. ಆ ದಿನ ಹೊರಬಂದ ಗಿಲ್ರೇ ಚಿತ್ರದಲ್ಲಿ ಒಂದು ಕೋಟೆ ಇದೆ. ಹೆಸರು ಸೆರಿಂಗಪಟಮ್. ನಮ್ಮ ಶ್ರೀರಂಗಪಟ್ಟಣ!

ಕೋಟೆಯ ಮೇಲೆ ಟಿಪ್ಪು ಸುಲ್ತಾನ್. ಕೆಳಗೆ ಲಾರ್ಡ್ ಕಾರ್ನ್‌ವಾಲಿಸ್ ತನ್ನ ಸೈನ್ಯದ ಸಮೇತ ಓಟ ಕಿತ್ತಿದ್ದಾನೆ. ಮೇಲಿಂದ ಟಿಪ್ಪು ಅವರ ಮೇಲೆ ಉಚ್ಚೆ ಹೊಯ್ಯುತ್ತಿದ್ದಾನೆ. ಶೀರ್ಷಿಕೆಯಲ್ಲಿ ಇದಕ್ಕೆ ಕೊಟ್ಟಿರುವ ಹೆಸರು ಮಳೆಗಾಲದ ಆಗಮನ.

ನಡೆದದ್ದು ಏನೆಂದರೆ, ಕಾರ್ನ್‌ವಾಲಿಸ್ 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಹಿಡಿದ. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹತ್ತಿರ ಅರಕೆರೆಯಲ್ಲಿ ಕಾಳಗ ನಡೆಯಿತು. ಕಾಳಗ ಗೆದ್ದರೂ ಮುಂದೆ ಹೋಗಲಾಗಲಿಲ್ಲ. ಮಳೆ ಹಿಡಿಯಿತು. ಫಿರಂಗಿ ಎಳೆಯುವ ಎತ್ತುಗಳು ಸತ್ತವು. ಸೈನ್ಯಕ್ಕೆ ದವಸವಿಲ್ಲ. ಕೋಟೆ ಒಡೆಯಲು ತಂದಿದ್ದ ದೊಡ್ಡ ಫಿರಂಗಿಗಳನ್ನು ಕನ್ನಂಬಾಡಿಯಲ್ಲಿ ತಾನೇ ಹಾಳುಗೆಡವಿ ಬೆಂಗಳೂರಿಗೆ ವಾಪಸ್ಸಾದ. ಆಗಿನ ಸುದ್ದಿ ಹಡಗಿನಲ್ಲಿ ಬರಬೇಕು. ಮೇ ತಿಂಗಳಲ್ಲಿ ನಮ್ಮಲ್ಲಿ ನಡೆದದ್ದು ಲಂಡನ್ನಿನಲ್ಲಿ ಜೋಕಾದದ್ದು ಡಿಸೆಂಬರ್‌ನಲ್ಲಿ.

ಈ ಚಿತ್ರ ನೋಡಿದ ತಕ್ಷಣ ಕನ್ನಡದವರಿಗೆ ಒಂದು ಕಚಗುಳಿ ಆಗುತ್ತದೆ, ನನಗೂ ಆಯಿತು. ಆದರೆ ಗಿಲ್ರೇ ಮೈಸೂರಿನ ಪರವಾಗಿ ನಿಂತ ಅಂತ ಅಂದುಕೊಂಡರೆ ಕಷ್ಟ. ಅವನು ಭಾರತಕ್ಕೆ ಬಂದವನೇ ಅಲ್ಲ. ಟಿಪ್ಪು ಇಲ್ಲಿ ಕಾರ್ನ್‌ವಾಲಿಸ್‌ಗೆ ಹೊಡೆಯಲು ಕೈಗೆ ಸಿಕ್ಕ ಕೋಲು, ಅಷ್ಟೇ. ಹತ್ತು ವರ್ಷದ ಹಿಂದೆ ಅಮೆರಿಕದ ಯಾರ್ಕ್‌ಟೌನ್‌ನಲ್ಲಿ ಶರಣಾಗಿದ್ದವನೂ ಇದೇ ಕಾರ್ನ್‌ವಾಲಿಸ್. ಲಂಡನ್ನಿನವರಿಗೆ ಅದು ಇನ್ನೂ ಮರೆತಿರಲಿಲ್ಲ. ಮುಂದೆ 1792ರಲ್ಲಿ ಅವನು ಗೆದ್ದ. ಅರ್ಧ ರಾಜ್ಯ ಹೋಯಿತು, ಟಿಪ್ಪುವಿನ ಇಬ್ಬರು ಮಕ್ಕಳು ಒತ್ತೆಯಾದರು. 1799ರಲ್ಲಿ ಟಿಪ್ಪು ಸತ್ತಾಗ ಥಾಮಸ್ ರೋಲ್ಯಾಂಡ್‌ಸನ್ ಎಂಬ ಇನ್ನೊಬ್ಬ ಒಂದು ಚಿತ್ರ ಬರೆದ. ಅದರಲ್ಲಿ ಬ್ರಿಟಿಷ್ ಸಿಪಾಯಿಗಳು ಜನಾನಾಗೆ ನುಗ್ಗಿ ಹೆಂಗಸರನ್ನು ಎಳೆದಾಡುತ್ತಿದ್ದಾರೆ. ಅದನ್ನೂ ನಗಲಿಕ್ಕೆ ಅಂತಲೇ ಬರೆದದ್ದು. ಅದನ್ನು ಸ್ಕ್ರೀನ್ ಮೇಲೆ ಹಾಕುತ್ತಿಲ್ಲ, ಹಾಕುವ ಮನಸ್ಸಾಗಲಿಲ್ಲ.

ಪಕ್ಷದ ವಿಷಯಕ್ಕೆ ಬಂದರೆ, ಈ ಚಿತ್ರಗಾರರು ಯಾರ ಕಡೆ ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ವಾರನ್ ಹೇಸ್ಟಿಂಗ್ಸ್ ವಿಷಯವನ್ನೇ ತಗೊಳ್ಳಿ. ಬಂಗಾಳದಲ್ಲಿ ಗವರ್ನರ್ ಜನರಲ್ ಆಗಿದ್ದವನು. ಅವನ ಲಂಚ, ದಬ್ಬಾಳಿಕೆಯ ಬಗ್ಗೆ ಎಡ್ಮಂಡ್ ಬರ್ಕ್ ಪಾರ್ಲಿಮೆಂಟಿನಲ್ಲಿ ಗುಡುಗುತ್ತಿದ್ದ. 1786ರ ಗಿಲ್ರೇ ಚಿತ್ರದಲ್ಲಿ ಹೇಸ್ಟಿಂಗ್ಸ್ ಒಂಟೆ ಮೇಲೆ ಗಂಭೀರವಾಗಿ ಕೂತಿದ್ದಾನೆ, ಭಾರತವನ್ನು ಕಾಪಾಡಿದ ಮಹಾನುಭಾವ. ಬರ್ಕ್, ಫಾಕ್ಸ್, ಮಾಜಿ ಪ್ರಧಾನಿ ನಾರ್ತ್ ಅವನ ಮೇಲೆ ಬೀಳುವ ದರೋಡೆಕೋರರು. ಎರಡು ವರ್ಷ ಬಿಡಿ. 1788ರಲ್ಲಿ ವಿಚಾರಣೆ ಶುರುವಾಯಿತು. ಅದೇ ಗಿಲ್ರೇ, ಅದೇ ಸೂಜಿ. ಈಗ ಹೇಸ್ಟಿಂಗ್ಸ್ ತನ್ನ ಗೆಳೆಯ ಲಾರ್ಡ್ ಚಾನ್ಸೆಲರ್ ಥರ್ಲೋನ ಹೆಗಲೇರಿ ರಕ್ತದ ಸಮುದ್ರ ದಾಟುತ್ತಿದ್ದಾನೆ. ರಕ್ತದಲ್ಲಿ ಹೆಣಗಳು ತೇಲುತ್ತಿವೆ. ಯಾವುದು ಗಿಲ್ರೇಯ ಮನಸ್ಸಿನ ಮಾತು? ಎರಡೂ ಆ ವಾರ ಮಾರಾಟವಾಗುವ ಮಾತು ಅಂತ ನನ್ನ ಲೆಕ್ಕ.

ಹಾಗಂತ ಈ ಚಿತ್ರಗಳಿಗೆ ಬೆಲೆಯೇ ಇಲ್ಲವಾ? ಇತ್ತು, ಜಾಸ್ತಿನೇ ಇತ್ತು. 1783ರಲ್ಲಿ, ಆಗ ಸರ್ಕಾರದಲ್ಲೇ ಇದ್ದ ಫಾಕ್ಸ್, ಈಸ್ಟ್ ಇಂಡಿಯಾ ಕಂಪನಿಯನ್ನು ಹಿಡಿತಕ್ಕೆ ತರುವ ಮಸೂದೆ ತಂದ. ಜೇಮ್ಸ್ ಸೇಯರ್ಸ್ ಅನ್ನೋನು ಅವನನ್ನು ಮೊಘಲ್ ಬಾದಶಹನ ಥರ ಬರೆದ. ಫಾಕ್ಸ್ ಆನೆ ಮೇಲೆ ಕೂತು ಕಂಪನಿಯ ಕಚೇರಿಗೆ ಮೆರವಣಿಗೆ ಹೊರಟಿದ್ದಾನೆ, ಆನೆಗೆ ಅವನ ಜೊತೆಗಾರ ನಾರ್ತ್‌ನ ಮುಖ, ಮುಂದೆ ಬರ್ಕ್ ತುತ್ತೂರಿ ಊದುತ್ತಿದ್ದಾನೆ. ಅದೇ ತಿಂಗಳು ಮಸೂದೆಯೂ ಬಿತ್ತು, ಸರ್ಕಾರವೂ ಹೋಯಿತು. ಮುಖ್ಯ ಕಾರಣ ದೊರೆಯ ಒತ್ತಡ, ಚಿತ್ರವಲ್ಲ. ಆದರೂ ಪಾರ್ಲಿಮೆಂಟಿನ ಚರ್ಚೆಗಿಂತ ಸೇಯರ್ಸ್ ಚಿತ್ರಗಳೇ ತನಗೆ ಹೆಚ್ಚು ಹಾನಿ ಮಾಡಿದವು ಅಂತ ಫಾಕ್ಸ್ ಹೇಳಿಕೊಂಡನಂತೆ. 24ನೇ ವಯಸ್ಸಿಗೆ ಪ್ರಧಾನಿಯಾದ ಪಿಟ್, ಸೇಯರ್ಸ್‌ಗೆ ಒಂದು ಸರ್ಕಾರಿ ಹುದ್ದೆ ಕೊಡಿಸಿದ.

ಗಿಲ್ರೇಗೂ ಆ ದಿನ ಬಂತು. 1796ರ ಜನವರಿಯಲ್ಲಿ ಯುವರಾಜನಿಗೆ ಮಗಳು ಹುಟ್ಟಿದಳು. ಕುಡಿದು ತೂರಾಡುವ ಅಪ್ಪ, ಮಗುವಿನ ಅಂಡಿಗೆ ಮುತ್ತಿಡುವ ಬಾಲಬಡುಕ ರಾಜಕಾರಣಿ, ಇದು ಅವನು ಬರೆದ ಚಿತ್ರ. ಈ ಸಲ ಬಂಧನವಾಯಿತು. ಆದರೆ ರಾಜದ್ರೋಹಕ್ಕಲ್ಲ, ದೇವದೂಷಣೆಗೆ. ಬೈಬಲ್ಲಿನ ಜ್ಞಾನಿಗಳು ಶಿಶು ಯೇಸುವಿಗೆ ಕಾಣಿಕೆ ತಂದ ಪ್ರಸಂಗವನ್ನು ಅವನು ಶೀರ್ಷಿಕೆಗೆ ಎಳೆದುತಂದಿದ್ದ. ಕೇಸು ಮುಂದೆ ನಡೆಯಲಿಲ್ಲ. ಮರುವರ್ಷದಿಂದ ಪಿಟ್ ಸರ್ಕಾರದ ಕಡೆಯಿಂದ ವರ್ಷಕ್ಕೆ 200 ಪೌಂಡ್ ಗುಟ್ಟಾಗಿ ಸಂದಾಯವಾಗತೊಡಗಿತು. ವಿರೋಧ ಪಕ್ಷದವರಿಗೆ ಏಟು ಬಿಗಿಯಾಯಿತು.

ಇದರ ಹಿಂದೆ ಇದ್ದವನು ಜಾರ್ಜ್ ಕ್ಯಾನಿಂಗ್ ಎಂಬ ಯುವ ರಾಜಕಾರಣಿ. ಇವನದು ಬೇರೆಯೇ ಸಂಕಟ. ಗಿಲ್ರೇ ಚಿತ್ರದಲ್ಲಿ ತಾನಿನ್ನೂ ಬಂದಿಲ್ಲವಲ್ಲ ಅಂತ ಕೊರಗು! ಚಿತ್ರದಲ್ಲಿ ಬರದವನು ದೊಡ್ಡ ಮನುಷ್ಯನೇ ಅಲ್ಲ ಅನ್ನೋ ಕಾಲ. ಗೆಳೆಯನ ಕೈಲಿ ಹೇಳಿಸಿ, ಕಾದು ಕಾದು, ಕಡೆಗೂ 1796ರ ಒಂದು ಚಿತ್ರದಲ್ಲಿ ಜಾಗ ಸಿಕ್ಕಿತು. ಫ್ರೆಂಚರು ಲಂಡನ್ನಿಗೆ ನುಗ್ಗಿದರೆ ಹೇಗಿರುತ್ತದೆ ಅನ್ನುವ ಚಿತ್ರ. ಅದರಲ್ಲಿ ಕ್ಯಾನಿಂಗ್ ಇದೇ ಸೇಂಟ್ ಜೇಮ್ಸಸ್ ಸ್ಟ್ರೀಟಿನ ದೀಪದ ಕಂಬಕ್ಕೆ ನೇಣು ಹಾಕಿಸಿಕೊಂಡು ತೂಗುತ್ತಿದ್ದಾನೆ. ಮುಂದೆ ಪ್ರಧಾನಿಯೂ ಆದ.

1801ರಲ್ಲಿ ಪಿಟ್ ಅಧಿಕಾರ ಬಿಟ್ಟ, ಗಿಲ್ರೇಯ ಹಣವೂ ನಿಂತಿತು. ನೆಪೋಲಿಯನ್ ಮತ್ತು ಪಿಟ್ ಮೇಜಿನಲ್ಲಿ ಎದುರುಬದುರು ಕೂತು ಭೂಗೋಳವನ್ನು ಪುಡ್ಡಿಂಗ್ ಥರ ಕೊಯ್ದುಕೊಳ್ಳುವ ಚಿತ್ರ ನೀವು ಎಲ್ಲಾದರೂ ನೋಡಿರುತ್ತೀರಿ, ಅದು 1805ರದ್ದು. ಆಮೇಲೆ ಕಣ್ಣು ಮಂಜಾಯಿತು. 1810ರ ಹೊತ್ತಿಗೆ ಬುದ್ಧಿ ಸ್ಥಿಮಿತ ತಪ್ಪಿತು. ಕಡೆತನಕ ನೋಡಿಕೊಂಡವಳು ಹ್ಯಾನಾ ಹಂಫ್ರಿಯೇ, ಇದೇ ಬೀದಿಯ ಇದೇ ಅಂಗಡಿಯ ಮೇಲೆ. 1815ರ ಜೂನ್ 1ಕ್ಕೆ ತೀರಿಕೊಂಡ. ಅದೇ ತಿಂಗಳ 18ಕ್ಕೆ ವಾಟರ್‌ಲೂ ಯುದ್ಧ. ನೆಪೋಲಿಯನ್ ಸೋತದ್ದನ್ನು ನೋಡಲು ಅವನು ಇರಲಿಲ್ಲ.

ಮತ್ತೆ ಆ ಹೊಟ್ಟೆಯ ಯುವರಾಜ? ಹಂಫ್ರಿಯ ಗಿರಾಕಿಗಳ ಪೈಕಿ ಅವನೂ ಒಬ್ಬ. 1820ರಲ್ಲಿ ಪಟ್ಟಕ್ಕೆ ಬಂದ ಮೇಲೆ ಜಾರ್ಜ್ ಕ್ರೂಕ್‌ಶಾಂಕ್ ಎಂಬ ಹೊಸ ಪೀಳಿಗೆಯ ಚಿತ್ರಗಾರನಿಗೆ 100 ಪೌಂಡ್ ಹೋಯಿತು. ದೊರೆಯನ್ನು ಅಸಭ್ಯವಾಗಿ ಬರೆಯಬಾರದು ಅಂತ ಕರಾರು. ಕ್ರೂಕ್‌ಶಾಂಕ್ ದುಡ್ಡು ತಗೊಂಡ. ಗೇಲಿ ಮಾತ್ರ ಅಷ್ಟಕ್ಕೆಲ್ಲ ನಿಲ್ಲಲಿಲ್ಲ. ಅರಮನೆಯವರು ಹಾಗೆ ಕೊಂಡು ಕೊಂಡು ವಿಂಡ್ಸರ್‌ನಲ್ಲಿ ಪೇರಿಸಿಟ್ಟಿದ್ದ ಸಾವಿರಾರು ಚಿತ್ರಗಳನ್ನು 1921ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಮಾರಿಬಿಟ್ಟರು. ಈಗ ಅವು ವಾಷಿಂಗ್ಟನ್‌ನಲ್ಲಿವೆ.