ನಾಯಿ ಇಲ್ಲದ ಡಿಕ್ಷನರಿ

ನಮಸ್ಕಾರ. ಇಂಗ್ಲಿಷಿನ ಮೊದಮೊದಲ ಡಿಕ್ಷನರಿಗಳಲ್ಲಿ ಬರೀ ಕಷ್ಟದ ಪದಗಳೇ ಇದ್ದವು, ಅದೇ ಸರಿ ಅಂತ ಹೋದ ವಿಡಿಯೋದಲ್ಲಿ ಹೇಳಿದ್ದೆ. ಅದಕ್ಕೆ ಒಬ್ಬರು ಕಾಮೆಂಟ್ ಹಾಕಿದ್ದಾರೆ: "ನಾಯಿ, ಬೆಕ್ಕು ಅನ್ನೋ ಪದಗಳೇ ಇಲ್ಲ, ಅದ್ಯಾವ ಸೀಮೆ ಡಿಕ್ಷನರಿ?" ಅದಕ್ಕೆ ಲೈಕ್ ಬೇರೆ!

ಸ್ವಾಮಿ, ನಾಯಿ ಅಂದರೆ ಏನು ಅಂತ ಯಾರಿಗೆ ಗೊತ್ತಿಲ್ಲ? 1604ರಲ್ಲಿ ರಾಬರ್ಟ್ ಕಾಡ್ರಿ ಲಂಡನ್ನಿನಲ್ಲಿ ತನ್ನ ಇಂಗ್ಲಿಷ್ ಡಿಕ್ಷನರಿ ಅಚ್ಚು ಹಾಕಿಸಿದಾಗ ಜನ ಎಡವುತ್ತಿದ್ದದ್ದು ಲ್ಯಾಟಿನ್, ಗ್ರೀಕ್, ಫ್ರೆಂಚಿನಿಂದ ಬಂದ ಪದಗಳ ಮೇಲೆ. ಚರ್ಚಿನ ಪ್ರವಚನದಲ್ಲೂ ಅವೇ, ಪುಸ್ತಕದಲ್ಲೂ ಅವೇ. ಈತ ಮೇಷ್ಟ್ರಾಗಿದ್ದವನು, ಪಾದ್ರಿಯೂ ಆಗಿದ್ದವನು, ಎಲ್ಲಿ ತೊಡಕಾಗುತ್ತೆ ಅಂತ ಗೊತ್ತಿತ್ತು. ಸುಮಾರು 2,500 ಪದ ಆರಿಸಿದ. ಮೊದಲನೆಯದು 'ಅಬ್ಯಾಂಡನ್': ಎಸೆದುಬಿಡು, ಒಪ್ಪಿಸಿಬಿಡು, ಬಿಟ್ಟುಹೋಗು. ಅಷ್ಟೇ, ಮುಗೀತು. ಪದ ಹುಡುಕೋದನ್ನೂ ಹೇಳಿಕೊಟ್ಟಿದ್ದಾನೆ: 'ಎ' ಇಂದ ಶುರುವಾದರೆ ಮೊದಲಲ್ಲಿ ನೋಡಿ, 'ವಿ' ಆದರೆ ಕೊನೆ ಕಡೆ ನೋಡಿ! ಅಂಥವನಿಗೆ ನಾಯಿ ಯಾಕೆ ಬೇಕು?

1616ರಲ್ಲಿ ಬುಲ್ಲೋಕರ್ ಅಂತ ಒಬ್ಬ ಡಾಕ್ಟರ್ ಇನ್ನೊಂದು ತಂದ. ಅದರಲ್ಲಿ ಮೊಸಳೆಗೆ ಉದ್ದ ವಿವರಣೆ ಇದೆ. ಮನುಷ್ಯನ ಮೈ ತಿಂದು, ತಲೆ ಮುಂದೆ ಕೂತು ಅಳುತ್ತಂತೆ! ಮೊಸಳೆಗೆ ಜಾಗ ಇದೆ, ನಾಯಿಗಿಲ್ಲ. ಯಾಕೆ? ಲಂಡನ್ ಬೀದಿಯಲ್ಲಿ ಮೊಸಳೆ ಓಡಾಡುತ್ತಿರಲಿಲ್ಲ ರೀ!

"ಸ್ಪೆಲಿಂಗ್ ನೋಡೋಕೆ ಬೇಕಲ್ವಾ?" ಅಂತೀರಿ. ಮೂರಕ್ಷರದ 'ಡಾಗ್'ಗಾ? "1702ರ ನಿಘಂಟಿನಲ್ಲಿ ಸಾಮಾನ್ಯ ಪದಗಳೂ ಬಂದವಲ್ಲ?" ಬರಲಿ, ಸಂತೋಷ. ತೆಗೆದು ನೋಡಿದವರು ಎಷ್ಟು ಜನ? ನೀವು ನೋಡಿದ್ದೀರಾ?

ಹೌದು, 1623ರಲ್ಲಿ ಕಾಕರಮ್ ಅನ್ನೋ ಇನ್ನೊಬ್ಬ ಡಿಕ್ಷನರಿ ಮಾಡಿದವನು ಉಲ್ಟಾ ಹೊಡೆದ. ಸುಲಭ ಪದ ಕೊಟ್ಟರೆ ಕಷ್ಟದ ಪದ ತಿಳಿಸೋ ಭಾಗವನ್ನೇ ಮಾಡಿದ. ಸುಮ್ನೆ ಷೋಕಿಗೆ. ಅದನ್ನು ನಾನು ಸಮರ್ಥಿಸಲ್ಲ.

ನಮ್ಮ ಜಿ. ವೆಂಕಟಸುಬ್ಬಯ್ಯನವರೂ ಕ್ಲಿಷ್ಟಪದಗಳಿಗೇ ಅಂತ ಒಂದು ಕೋಶ ಮಾಡಿದರು. ಅವರನ್ನೂ ಕೇಳುತ್ತಿದ್ದಿರಾ, "ಸಾರ್, ನಾಯಿ ಎಲ್ಲಿ?" ಅಂತ?

ನಾಯಿ ಅಂದರೆ ನಾಯಿ! ಇನ್ನೇನು ಹೇಳಲಿ? ತಗೊಳ್ಳಿ, ನಮ್ಮ ಬೀದಿದೇ ಒಂದು ಬೊಗಳೋಕೆ ಶುರು ಮಾಡಿತು. ಮೈಕಲ್ಲಿ ಕೇಳಿಸ್ತಾ? ಡಿಕ್ಷನರಿ ಬೇಕಾಯ್ತಾ? ಸಬ್‌ಸ್ಕ್ರೈಬ್ ಮಾಡಿ, ನಾನು ಕಿಟಕಿ ಹಾಕಿ ಬರ್ತೀನಿ.