ನೀರು ನಿಲ್ಲದ ಅಲ್ಯೂಮಿನಿಯಂ

(ತುಮಕೂರಿನಲ್ಲಿ ಐಟಿಐ ವಿದ್ಯಾರ್ಥಿಗಳಿಗೂ ವರ್ಕ್‌ಶಾಪ್ ನಡೆಸುವವರಿಗೂ ನೀಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಈ ಮೇಜಿನ ಮೇಲೆ ಒಂದು ಕೆಸುವಿನ ಎಲೆ ಇದೆ. ಬೆಳಿಗ್ಗೆ ನಮ್ಮ ಮನೆ ಬಚ್ಚಲ ನೀರು ಹರಿಯುವ ಕಡೆಯಿಂದ ಕಿತ್ತು ತಂದೆ. ಪಕ್ಕದಲ್ಲಿ ಅಲ್ಯೂಮಿನಿಯಂ ಶೀಟಿನ ಮೂರು ತುಂಡು. ಎಲೆ ಮೇಲೆ ಒಂದು ಹನಿ ಬಿಡುತ್ತೇನೆ, ನೋಡಿ. ಗೋಲಿಯ ಹಾಗೆ ಉರುಳಿಹೋಯಿತು. ಎಲೆ ಒದ್ದೆಯೇ ಆಗಲಿಲ್ಲ.

ಎಲೆ ಮೇಲೆ ಮೇಣ ಇದೆ, ಅದಕ್ಕೇ ಹೀಗೆ ಅಂತ ಹೇಳುತ್ತಾರೆ. ಅದು ಅರ್ಧ ಮಾತ್ರ ಸರಿ. ಮೇಣದಬತ್ತಿ ಮೇಲೆ ಹನಿ ಬಿಟ್ಟರೆ ಉಬ್ಬಿ ಕೂರುತ್ತದೆ, ಆದರೆ ಸ್ವಲ್ಪ ಓರೆ ಮಾಡಿದರೂ ಅಂಟಿಕೊಂಡೇ ಇರುತ್ತದೆ. ಉಳಿದರ್ಧ ಕೆಲಸ ಎಲೆಯ ಒರಟುತನದ್ದು. ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬುಗಳು, ಅವುಗಳ ಮೇಲೆ ಇನ್ನೂ ಸಣ್ಣ ಮೇಣದ ಹರಳುಗಳು. ತಾವರೆ ಎಲೆಯಲ್ಲೂ ಹೀಗೇ. ಜರ್ಮನಿಯ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಬಾರ್ಟ್‌ಲಾಟ್ ಮತ್ತು ಕ್ರಿಸ್ಟೋಫ್ ನೈನ್‌ಹೂಯಿಸ್ 1997ರಲ್ಲಿ ಇದನ್ನು ವಿವರವಾಗಿ ತೋರಿಸಿದರು.

ಹನಿಯ ಅಂಚು ಮೇಲ್ಮೈಗೆ ತಾಗುವ ಕಡೆ, ನೀರಿನ ಒಳಗಿಂದ ಒಂದು ಕೋನ ಅಳೆಯುತ್ತಾರೆ. ಕೋನ ದೊಡ್ಡದಾದಷ್ಟೂ ಹನಿ ಗುಂಡಗೆ ನಿಲ್ಲುತ್ತದೆ. ನುಣುಪಾದ ಮೇಲ್ಮೈಗೆ ಎಂಥ ಲೇಪ ಹಚ್ಚಿದರೂ ಆ ಕೋನ ಸುಮಾರು 120 ಡಿಗ್ರಿ ದಾಟುವುದಿಲ್ಲ. ಈ ಎಲೆ ಮೇಲಿನ ಹಾಗೆ 150 ದಾಟಬೇಕಾದರೆ ಒರಟು ಬೇಕೇ ಬೇಕು.

ಈಗ ತುಂಡುಗಳನ್ನು ನೋಡೋಣ. ಮೊದಲನೆಯದು ತೊಳೆದಿಟ್ಟ ಬರೀ ಶೀಟು. ಹನಿ ಚಪ್ಪಟೆಯಾಯಿತು. ಎರಡನೆಯದನ್ನು ತೆಳು ಮಾಡಿದ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಅದ್ದಿ ಒರಟು ಮಾಡಿದ್ದೇನೆ. ಅರೆ, ನೀರು ಇನ್ನೂ ಜಾಸ್ತಿ ಹರಡಿತು, ಅಲ್ವಾ? ನೀರನ್ನು ಇಷ್ಟಪಡುವ ಮೇಲ್ಮೈಯನ್ನು ಒರಟು ಮಾಡಿದರೆ ಆ ಇಷ್ಟ ಹೆಚ್ಚುತ್ತದೆ. ವೆಂಜೆಲ್ ಎಂಬ ವಿಜ್ಞಾನಿ 1936ರಲ್ಲೇ ಇದನ್ನು ಲೆಕ್ಕ ಹಾಕಿದ್ದರು.

ಮೂರನೆಯದಕ್ಕೂ ಅದೇ ಆಸಿಡ್. ಆಮೇಲೆ ಸ್ಪಿರಿಟ್‌ನಲ್ಲಿ ಕರಗಿಸಿದ ಸ್ಟಿಯರಿಕ್ ಆಸಿಡ್‌ನಲ್ಲಿ ಅದ್ದಿ ಒಣಗಿಸಿದ್ದೇನೆ. ಮೇಣದಬತ್ತಿ, ಸೋಪು ಮಾಡುವವರು ಬಳಸುವ ಕೊಬ್ಬಿನ ವಸ್ತು ಅದು. ಅದರ ಅಣುವಿನ ಒಂದು ತುದಿ ಲೋಹವನ್ನು ಹಿಡಿಯುತ್ತದೆ, ಉದ್ದನೆಯ ಬಾಲ ನೀರಿನ ಕಡೆ ನಿಲ್ಲುತ್ತದೆ. ಬಾಲಕ್ಕೆ ನೀರು ಅಂದರೆ ಆಗದು. ನೋಡಿ, ಹನಿ ನಿಲ್ಲುತ್ತಲೇ ಇಲ್ಲ! ಆಸಿಡ್ ಕೊರೆದ ಸಣ್ಣ ಗುಂಡಿಗಳಲ್ಲಿ ಸಿಕ್ಕಿಕೊಂಡ ಗಾಳಿಯ ಮೇಲೆ ಹನಿ ಕೂರುತ್ತದೆ. ಇದರ ಲೆಕ್ಕ ಕ್ಯಾಸಿ ಮತ್ತು ಬ್ಯಾಕ್ಸ್ಟರ್ ಎಂಬ ವಿಜ್ಞಾನಿಗಳದು, 1944. ಕಾದ ದೋಸೆ ಹೆಂಚಿನ ಮೇಲೆ ಹನಿ ಕುಣಿಯುವುದು ಬೇರೆ ವಿಷಯ. ಅಲ್ಲಿ ಹನಿಯ ಅಡಿಯಲ್ಲಿ ಇರುವುದು ಅದರದೇ ಆವಿ.

ಲೇಪವೇ ಇಲ್ಲದೆ, ಲೋಹದ ಮೇಲ್ಮೈಯನ್ನು ಲೇಸರ್‌ನಿಂದ ಕೊರೆದು ಒರಟು ಮಾಡಿದರೂ ಇದು ಆಗುತ್ತದೆ. ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ಚುನ್ಲೈ ಗುವೋ 2015ರಲ್ಲಿ ಪ್ಲಾಟಿನಂ, ಟೈಟಾನಿಯಂ, ಹಿತ್ತಾಳೆ ಮೇಲೆ ಮಾಡಿ ತೋರಿಸಿದರು.

ನನ್ನನ್ನು ಕಾಡುವುದು ಬಾಳಿಕೆ. ಹೋದ ತಿಂಗಳು ಇಂಥದೇ ಒಂದು ತುಂಡನ್ನು ಪಾತ್ರೆ ಉಜ್ಜುವ ನಾರಿನಿಂದ ನಾಲ್ಕು ಸಲ ಉಜ್ಜಿದೆ. ಉಬ್ಬುಗಳು ಸವೆದವು, ಹನಿ ಅಂಟಿತು. ಎಣ್ಣೆ ಬಿದ್ದರೂ ಅಷ್ಟೇ, ಅದು ಗುಂಡಿಯೊಳಗೆ ಇಳಿದು ಗಾಳಿಯನ್ನು ಹೊರದಬ್ಬುತ್ತದೆ. ಗಿಡಕ್ಕಾದರೆ ಹೊಸ ಮೇಣ ಬರುತ್ತದೆ, ಲೋಹಕ್ಕೆ ಬರುವುದಿಲ್ಲ. ಹಾಗಾಗಿ ಯಾರಾದರೂ ಇಂಥ ಲೇಪ ಮಾರಲು ಬಂದರೆ ಹನಿ ಉರುಳುವುದನ್ನಷ್ಟೇ ನೋಡಬೇಡಿ. ಉಜ್ಜಿ, ಆಮೇಲೆ ಹನಿ ಬಿಡಿ.

ಆಸಿಡ್ ಕೆಲಸ ಮನೆಯಲ್ಲಿ ಬೇಡ. ಅಲ್ಯೂಮಿನಿಯಂ ಜೊತೆ ಸೇರಿದರೆ ಹೈಡ್ರೋಜನ್ ಬರುತ್ತದೆ, ಕಿಡಿ ತಾಗಿದರೆ ಅದಕ್ಕೆ ಬೆಂಕಿ ಹತ್ತುತ್ತದೆ.

ಈಗ ಒಬ್ಬೊಬ್ಬರೇ ಬನ್ನಿ, ಡ್ರಾಪರ್ ಇಲ್ಲಿದೆ. ಮೂರನೆಯ ತುಂಡಿಗೆ ಮಾತ್ರ ಬೆರಳು ತಾಗಿಸಬೇಡಿ, ಕೈಯ ಜಿಡ್ಡೂ ಅದಕ್ಕೆ ಎಣ್ಣೆಯೇ.